ಕಾಸಿಂ ಕಟ್ಟಿದ ಸ್ಕೀ ಕ್ಯಾಬಿನ್

ಸುರತ್ಕಲ್ಲಿನ ಕಾಸಿಂ, ಸೌದಿಯ ಹಫ್ರ್ ಅಲ್ ಬಾತಿನ್ ಪಟ್ಟಣದ ಹೊರಗೆ ಪೋರ್ಟಾ ಕ್ಯಾಬಿನ್ ತಯಾರಿಸುವ ಒಂದು ಯಾರ್ಡಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದ. ಪೋರ್ಟಾ ಕ್ಯಾಬಿನ್ ಎಂದರೆ ಟ್ರೇಲರಿನ ಮೇಲೆ ಹೇರಿಕೊಂಡು ಹೋಗಿ ಮರಳುಗಾಡಿನಲ್ಲಿ ಬೇಕಾದ ಕಡೆ ಇಳಿಸಿಬಿಡಬಹುದಾದ ತಗಡಿನ ಕೋಣೆ. ನಾಲ್ಕು ಗೋಡೆ, ಒಂದು ಬಾಗಿಲು, ಒಂದು ಕಿಟಕಿ, ಏಸಿ ಕೂರಿಸಲು ಒಂದು ತೂತು. ವಾಚ್‌ಮನ್ ಕೂರುವುದೂ ಅದರಲ್ಲೇ, ಸೈಟ್ ಎಂಜಿನಿಯರ್ ಕೂರುವುದೂ ಅದರಲ್ಲೇ. ಊರು ಬಿಟ್ಟು ಬಂದಂದಿನಿಂದ ಕಾಸಿಂ ಬಿಡಿಸಿದ್ದು ಇದೊಂದನ್ನೇ. ತೂತು ಎಡಕ್ಕೋ ಬಲಕ್ಕೋ ಎನ್ನುವುದಷ್ಟೇ ಅವನ ಕಲೆಗೆ ಉಳಿದಿದ್ದ ಸ್ವಾತಂತ್ರ್ಯ.

ಯಾರ್ಡಿನ ಯಜಮಾನ ಅಬು ಫಹದ್‌ಗೆ ಇತ್ತೀಚೆಗೆ ಈ ವಿಷಯ ಹೊಳೆಯತೊಡಗಿತ್ತು. ಎಲ್ಲ ಡ್ರಾಯಿಂಗೂ ಒಂದೇ ಥರ ಇರುವಾಗ ಹಳೆಯದನ್ನೇ ಇನ್ನೊಮ್ಮೆ ಪ್ರಿಂಟ್ ತೆಗೆದರೆ ಆಗುವುದಿಲ್ಲವೇ, ಅದಕ್ಕೊಬ್ಬ ಮನುಷ್ಯ ಯಾಕೆ ಎಂದು ಅವರು ಒಂದೆರಡು ಸಲ ಕಾಸಿಮನನ್ನೇ ಕೇಳಿದ್ದರು. ಕೇಳಿದ್ದು ಸಿಟ್ಟಿನಿಂದಲ್ಲ, ನಿಜವಾದ ಕುತೂಹಲದಿಂದ. ಅದೇ ಕಾಸಿಮನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತ್ತು. ಅವನ ಇಕಾಮಾ, ಅಂದರೆ ಆ ದೇಶದಲ್ಲಿ ಉಳಿಯಲು ಯಜಮಾನ ಮಾಡಿಸಿಕೊಡುವ ಪರವಾನಗಿ, ಚಳಿಗಾಲದ ಹೊತ್ತಿಗೆ ಮುಗಿಯುವುದಿತ್ತು.

ಇಂಥ ಮನಃಸ್ಥಿತಿಯಲ್ಲಿ ಅವನು ಹೆಂಡತಿ ನುಸೈಬಾಳನ್ನು ಕರೆದುಕೊಂಡು ಬಕ್ರೀದ್ ಊಟಕ್ಕೆ ದಹ್ರಾನ್‌ಗೆ ಹೋದ. ಅಲ್ಲಿ ನುಸೈಬಾಳ ತಂಗಿ ಶಾಹೀದಾಳ ಮನೆ. ಶಾಹೀದಾಳ ಗಂಡ ಇಮ್ತಿಯಾಜ್ ಎಣ್ಣೆ ಕಂಪನಿಯಲ್ಲಿ ಎಂಜಿನಿಯರ್. ಬೇಲಿಯೊಳಗಿನ ಕ್ಯಾಂಪ್, ಹುಲ್ಲುಹಾಸು, ಈಜುಕೊಳ. ಇಷ್ಟನ್ನು ಕಾಸಿಂ ಹೇಗೋ ಸಹಿಸಿಕೊಂಡು ಬಂದಿದ್ದ. ಆದರೆ ಕಳೆದ ಚಳಿಗಾಲದಲ್ಲಿ ಇಮ್ತಿಯಾಜ್ ಜಾರ್ಜಿಯಾ ದೇಶಕ್ಕೆ ಹೋಗಿ ಹಿಮದ ಮೇಲೆ ಸ್ಕೀ ಮಾಡಿ ಬಂದಿದ್ದ. ಅಲ್ಲಿಂದ ಅವನ ಬಾಯಿಗೆ ಬೇರೆ ವಿಷಯವೇ ಬಾರದಾಯಿತು. ಗೋಡೆಯ ತುಂಬ ಅವನದೇ ಫೋಟೊ: ಕೆಂಪು ಜಾಕೆಟ್, ಕಪ್ಪು ಕನ್ನಡಕ, ಕಾಲಿಗೆ ಉದ್ದನೆಯ ಹಲಗೆ. ಪ್ರತಿಯೊಂದರಲ್ಲೂ ಅವನು ನಿಂತೇ ಇದ್ದ. ಜಾರುತ್ತಿರುವ ಫೋಟೊ ಒಂದೂ ಇರಲಿಲ್ಲ. ಶಾಹೀದಾ ಅಡುಗೆಮನೆಯಲ್ಲಿ ಅಕ್ಕನಿಗೆ ಹೇಳಿದ ಪ್ರಕಾರ, ಜಾರುವಾಗ ತೆಗೆದವುಗಳಲ್ಲಿ ಅವನ ಮುಖ ಸಿಕ್ಕಿರಲಿಲ್ಲ, ಹಿಮದೊಳಗಿತ್ತು.

ಬಿರಿಯಾನಿ ಬಡಿಸುವ ಹೊತ್ತಿಗೆ ಇಮ್ತಿಯಾಜ್ ರಾಯಿತದ ಬಟ್ಟಲನ್ನು ಕಾಸಿಮನ ಕಡೆ ಸರಿಸುತ್ತಾ ಬಹಳ ಪ್ರೀತಿಯಿಂದ ಕೇಳಿದ. "ಕಾಸಿಂ ಭಾಯಿ, ನಿಮ್ಮದು ಈಗಲೂ ಅದೇ ಡಬ್ಬಾವಾ?"

ನುಸೈಬಾ ತನ್ನ ತಟ್ಟೆಯ ಕಡೆ ನೋಡಿದಳು. ಕಾಸಿಂ ಅದನ್ನು ಗಮನಿಸಿದ. ಅವನು ಸಾಧಾರಣವಾಗಿ ಸುಳ್ಳು ಹೇಳುವ ಮನುಷ್ಯನಲ್ಲ. ಹೇಳಿ ಅಭ್ಯಾಸವಿದ್ದಿದ್ದರೆ ಇನ್ನೂ ಸಣ್ಣದನ್ನು ಹೇಳುತ್ತಿದ್ದ.

"ಡಬ್ಬಾ ಎಲ್ಲ ಈಗ ಬೇರೆಯವರು ನೋಡಿಕೊಳ್ತಾರೆ" ಎಂದ. "ನಾನೊಂದು ಸ್ಕೀ ಕ್ಯಾಬಿನ್ ಡಿಸೈನ್ ಮಾಡ್ತಾ ಇದ್ದೇನೆ. ತಬೂಕಿನ ಆಚೆ, ಜಬಲ್ ಅಲ್ ಲೌಝ್ ಗುಡ್ಡದ ಮೇಲೆ. ಅಲ್ಲಿ ಹಿಮ ಬೀಳ್ತದಲ್ಲ."

ಅಲ್ಲಿ ಹಿಮ ಬೀಳುವುದು ಸುಳ್ಳಲ್ಲ. ವರ್ಷಕ್ಕೊಮ್ಮೆ, ಮನಸ್ಸು ಬಂದರೆ, ಬೀಳುತ್ತದೆ. ಅದರ ವಿಡಿಯೊ ಕಾಸಿಮನ ಫೋನಿಗೂ ಬಂದಿತ್ತು. ಇಮ್ತಿಯಾಜ್ ಎಂಜಿನಿಯರ್ ಅಲ್ಲವೇ, ಮಾಡಿನ ಮೇಲೆ ಹಿಮದ ಭಾರ ಎಷ್ಟು ಹಿಡಿದಿರಿ ಎಂದು ಕೇಳಿದ. ಬೇಕಾದಷ್ಟು ಹಿಡಿದಿದ್ದೇವೆ ಎಂದು ಕಾಸಿಂ ಉತ್ತರಿಸಿದ. ಇಮ್ತಿಯಾಜ್ ಕೈಲಿದ್ದ ಮಾಂಸದ ತುಂಡು ಕೈಯಲ್ಲೇ ಉಳಿಯಿತು. ನುಸೈಬಾ ತಲೆಯೆತ್ತಿ ಗಂಡನನ್ನು ನೋಡಿದಳು. ಮದುವೆಯ ದಿನವೂ ಅವಳು ಹಾಗೆ ನೋಡಿರಲಿಲ್ಲ.

ಮಾತು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಅದೇ ಪಂಕ್ತಿಯಲ್ಲಿ ಭಟ್ಕಳದ ಅಬ್ದುಲ್ ಅಝೀಝ್ ಸಾಹೇಬರು ಕೂತಿದ್ದರು. ದಮ್ಮಾಮ್‌ನಿಂದ ಹಫ್ರ್‌ವರೆಗೆ ಫ್ರೋಜನ್ ಕೋಳಿಯ ವ್ಯಾಪಾರ ಅವರದು. ಒಬ್ಬರಿಗೆ ಬೇಕಾದದ್ದು ಇನ್ನೊಬ್ಬರ ಹತ್ತಿರ ಇದೆ ಎಂದು ಗೊತ್ತಾದರೆ ಅವರಿಗೆ ಅನ್ನ ಇಳಿಯುವುದಿಲ್ಲ. ಹಫ್ರ್‌ನಲ್ಲೇ ಅಬು ರಾಕಾನ್ ಎಂಬ ದೊಡ್ಡ ಕುಳ ಇದ್ದಾರೆಂದೂ, ಹೋದ ಚಳಿಗಾಲದಲ್ಲಿ ಅವರು ಅದೇ ಗುಡ್ಡಕ್ಕೆ ಹಿಮ ನೋಡಲು ಹೋಗಿ ಕಾರಿನೊಳಗೆ ಹೀಟರ್ ಹಾಕಿಕೊಂಡು ಮುದುರಿ ಮಲಗಿ ಬಂದರೆಂದೂ, ಅಂದಿನಿಂದ ಅಲ್ಲಿಗೊಂದು ಕ್ಯಾಬಿನ್ ಬೇಕೆಂದು ಊರೆಲ್ಲ ಹುಡುಕುತ್ತಿದ್ದಾರೆಂದೂ ಹೇಳಿದರು. ಹೇಳುತ್ತಲೇ ಎಡಗೈಯಿಂದ ಫೋನ್ ತೆಗೆದರು. ಬೇಡ ಎನ್ನಲು ಕಾಸಿಮನ ಬಾಯಲ್ಲಿ ಬಿರಿಯಾನಿ ಇತ್ತು.

ಮರುದಿನ ಅವನು ಹಫ್ರ್‌ಗೆ ಮರಳಿ ಯಾರ್ಡಿಗೆ ಕಾಲಿಡುವಾಗ ಅಬು ಫಹದ್ ಗೇಟಿನಲ್ಲೇ ನಿಂತಿದ್ದರು. ಅಪ್ಪಿಕೊಂಡರು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು ನೊಂದ ಮುಖ ಮಾಡಿ, ಇಷ್ಟು ವರ್ಷ ನನ್ನ ಉಪ್ಪು ತಿಂದು ಈ ವಿದ್ಯೆಯನ್ನು ನನ್ನಿಂದಲೇ ಮುಚ್ಚಿಟ್ಟೆಯಲ್ಲ ಎಂದರು. ಅಬು ರಾಕಾನ್ ಫೋನ್ ಮಾಡಿದ್ದರು, ಆರ್ಡರ್ ಆಗಿಹೋಗಿತ್ತು. ಬೇಸಿಗೆ ಮುಗಿಯುವುದರೊಳಗೆ ಕ್ಯಾಬಿನ್ ಕಣ್ಣೆದುರು ನಿಲ್ಲಬೇಕು. ನಿಂತರೆ ಇಕಾಮಾ ಖಂಡಿತ. ನಿಲ್ಲದಿದ್ದರೆ ಏನು ಎಂದು ಕಾಸಿಂ ಕೇಳಲಿಲ್ಲ. ಅವನಿಗೆ ಸತ್ಯ ಹೇಳಿಬಿಡುವ ಮನಸ್ಸಾಯಿತು. ಅಷ್ಟರಲ್ಲಿ ಅಬು ಫಹದ್ ಅವನನ್ನು "ಯಾ ಮುಹಂದಿಸ್" ಎಂದರು. ಮುಹಂದಿಸ್ ಎಂದರೆ ಎಂಜಿನಿಯರ್. ಆ ಶಬ್ದ ಕಿವಿಗೆ ಬಿದ್ದಮೇಲೆ ಸತ್ಯ ಗಂಟಲಲ್ಲೇ ಕೂತಿತು.

ಸುರತ್ಕಲ್ಲಿಗೆ ಸುದ್ದಿ ಅವನು ಹೇಳುವ ಮೊದಲೇ ಮುಟ್ಟಿತ್ತು. ನುಸೈಬಾ ಅತ್ತೆಗೆ ಹೇಳಿದ್ದು ಇಷ್ಟೇ, ಇವರು ಹಿಮದ ಗುಡ್ಡದಲ್ಲಿ ಒಂದು ಸಣ್ಣ ಮನೆ ಮಾಡ್ತಾ ಇದ್ದಾರೆ ಎಂದು. ಕಾಸಿಮನ ತಾಯಿ ಮೈಮೂನಮ್ಮ ಅದನ್ನು ಪಕ್ಕದ ಮನೆಗೆ ದಾಟಿಸುವಾಗ ಅದು ಸೌದಿಯ ದೊರೆಗಳಿಗೆ ಐಸಿನಲ್ಲಿ ಕಟ್ಟುವ ಅರಮನೆಯಾಯಿತು. ಸಂಜೆಯೊಳಗೆ ದೂರದ ಸಂಬಂಧಿ ರಿಝ್ವಾನ್ ಎಂಬವನ ಫೋನ್ ಬಂತು. ತಾನು ಮಂಗಳೂರಿನ ಮೀನುಗಾರಿಕೆ ಧಕ್ಕೆಯ ಐಸ್ ಪ್ಲಾಂಟಿನಲ್ಲಿ ಬಹಳ ಕಾಲ ದುಡಿದವನು, ಐಸಿನ ಒಳಹೊರಗು ಎಲ್ಲ ಗೊತ್ತು, ಒಂದು ವೀಸಾ ಮಾಡಿಸಿಕೊಡಬೇಕು ಎಂದ. ಇದು ಆ ಐಸ್ ಅಲ್ಲ ಎಂದು ಕಾಸಿಂ ತಿಳಿಸಿ ಹೇಳಿದ. ಐಸಿನಲ್ಲಿ ಬೇರೆ ಬೇರೆ ಉಂಟಾ ಎಂದು ರಿಝ್ವಾನ್ ಕೇಳಿದ, ಆಮೇಲೆ ದೊಡ್ಡವನಾದ ಮೇಲೆ ಎಲ್ಲರೂ ಹೀಗೆಯೇ ಎಂದು ಫೋನ್ ಇಟ್ಟ. ತಾಯಿ ಊರಿಂದ ಬರುವವರ ಕೈಯಲ್ಲಿ ಉಣ್ಣೆಯ ಮಂಕಿ ಕ್ಯಾಪ್ ಕಳಿಸಿದರು. ಅದು ಬಂದು ತಲುಪಿದ್ದು ಜುಲೈ ತಿಂಗಳಲ್ಲಿ, ಡಾಂಬರು ಕರಗಿ ಚಪ್ಪಲಿಗೆ ಅಂಟುತ್ತಿದ್ದ ಒಂದು ಮಧ್ಯಾಹ್ನ.

ಕಾಸಿಂ ಯೂಟ್ಯೂಬ್ ನೋಡಿದ. ನಾರ್ವೆಯ ಒಬ್ಬ ಮುದುಕ ಒಂದೂ ಮಾತಾಡದೆ ಇಡೀ ಮನೆ ಕಟ್ಟುವುದನ್ನು ಮತ್ತೆ ಮತ್ತೆ ನೋಡಿದ. ನೋಡಿದ್ದೆಲ್ಲ ಅರ್ಥವಾಯಿತು, ಚಳಿಯೊಂದು ಅರ್ಥವಾಗಲಿಲ್ಲ. ಇಷ್ಟು ಕಾಲ ಅವನು ಸೆಕೆಯನ್ನು ಹೊರಗಿಡುವುದು ಹೇಗೆಂದು ಯೋಚಿಸಿದವನು. ಚಳಿಯಾದರೂ ಹೇಗಿರುತ್ತದೆ ಎಂದು ಒಮ್ಮೆ ಮೈಯಲ್ಲಿ ತಿಳಿಯಬೇಕೆನಿಸಿ ಅಬ್ದುಲ್ ಅಝೀಝ್ ಸಾಹೇಬರ ಹಫ್ರ್ ಗೋದಾಮಿಗೆ ಹೋದ. ಫ್ರೀಜರ್ ಕೋಣೆಯಲ್ಲಿ ಕೋಳಿಯ ಪೆಟ್ಟಿಗೆಗಳ ನಡುವೆ ಸ್ಟೂಲ್ ಹಾಕಿ, ಕೈಯಲ್ಲಿ ಟೇಪು ಹಿಡಿದು, ಕಣ್ಣು ಮುಚ್ಚಿ ಗುಡ್ಡವನ್ನು ಕಲ್ಪಿಸುತ್ತಾ ಕೂತ.

ಆ ಹೊತ್ತಿಗೇ ಬಲದಿಯಾದವರು, ಅಂದರೆ ನಗರಸಭೆಯ ಇನ್‌ಸ್ಪೆಕ್ಟರ್, ತಪಾಸಣೆಗೆ ಬಂದರು. ಕೋಳಿಗಳ ಮಧ್ಯೆ ಅರೆತೋಳಿನ ಅಂಗಿಯ ಮನುಷ್ಯನೊಬ್ಬ ಕಣ್ಣು ಮುಚ್ಚಿ ಕೂತದ್ದನ್ನು ಕಂಡು ಮೊದಲು ದೇವರ ಹೆಸರು ಹೇಳಿದರು. ಆಮೇಲೆ ಯಾರು, ಇಲ್ಲೇನು ಕೆಲಸ ಎಂದು ಗದರಿದರು. ಕಾಸಿಮನ ಹಲ್ಲು ಕಟಕಟ ಎನ್ನುತ್ತಿದ್ದುದರಿಂದ ಸ್ಕೀ ಎಂಬ ಶಬ್ದದ ಮೊದಲಿನ ಸ್ ಮಾತ್ರ ಬಹಳ ಹೊತ್ತು ಹೊರಬಂತು. ಅವನನ್ನು ಬಿಸಿಲಿಗೆ ಎಳೆದು ತಂದು ನಿಲ್ಲಿಸಿದಮೇಲೆ ಉಳಿದದ್ದೂ ಬಂತು. ಇನ್‌ಸ್ಪೆಕ್ಟರ್ ಇಕಾಮಾ ನೋಡಿದರು, ಅಬು ಫಹದ್‌ಗೆ ಫೋನ್ ಮಾಡಿ ವಿಚಾರಿಸಿದರು. ವಿಷಯ ನಿಜ ಎಂದು ತಿಳಿದದ್ದೇ ಅವರ ಸಿಟ್ಟು ಇಳಿದು ಅದರ ಜಾಗದಲ್ಲಿ ಇನ್ನೂ ಅಪಾಯಕಾರಿಯಾದದ್ದು, ಆಸಕ್ತಿ, ಹುಟ್ಟಿಕೊಂಡಿತು. ಮಜ್ಲಿಸ್ ಎಲ್ಲಿ ಇಟ್ಟಿದ್ದೀ ಎಂದು ಕೇಳಿದರು. ಮಜ್ಲಿಸ್ ಎಂದರೆ ಬಂದವರನ್ನು ಕೂರಿಸುವ ಕೋಣೆ. ಅದಿಲ್ಲದೆ ಮನೆ ಇಲ್ಲ. ಹೆಂಗಸರಿಗೆ ಬೇರೆ ಬಾಗಿಲು ಎಲ್ಲಿ, ಕುರಿ ಬೇಯಿಸುವ ಜಾಗ ಎಲ್ಲಿ ಎಂದರು. ಗೋದಾಮಿನ ರಟ್ಟಿನ ಮೇಲೆ ಪೆನ್ನಿನಿಂದ ಒಂದು ನಕ್ಷೆಯನ್ನೂ ಎಳೆದರು. ಅದು ಹಫ್ರ್‌ನಲ್ಲಿರುವ ಅವರ ಸ್ವಂತ ಮನೆಯ ನಕ್ಷೆಯಾಗಿತ್ತು.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಅಬು ರಾಕಾನ್ ದಿನಾ ಫೋನ್ ಮಾಡುತ್ತಿದ್ದರು. ಕ್ಯಾಬಿನ್ ಸಣ್ಣದಿರಬೇಕು, ಬಹಳ ಸಣ್ಣದು ಎಂದು ಮೊದಲು ಹೇಳುವರು. ಆಮೇಲೆ ಅಣ್ಣತಮ್ಮಂದಿರು ಮಲಗಬೇಕು ಎನ್ನುವರು. ಮರುದಿನ ಅವರ ಮಾವನವರೂ ಬರುತ್ತಾರೆ. ಅದರ ಮರುದಿನ ಅವರು ಸಾಕಿದ ಬೇಟೆಯ ಗಿಡುಗ ಕೂರಲು ಒಂದು ಮೂಲೆ ಬೇಕು. ಅಬು ಫಹದ್‌ಗೆ ಏಸಿಯದೇ ಚಿಂತೆ. ಏಸಿ ಇಲ್ಲದ ಕ್ಯಾಬಿನ್ ತನ್ನ ಯಾರ್ಡಿನಿಂದ ಹೊರಟರೆ ಮಾರ್ಕೆಟ್ಟಿನಲ್ಲಿ ಜನ ಏನೆಂದಾರು ಎನ್ನುತ್ತಿದ್ದರು. ಇಮ್ತಿಯಾಜ್ ದಹ್ರಾನ್‌ನಿಂದ ಜಾರ್ಜಿಯಾದ ಹೋಟೆಲಿನ ಫೋಟೊಗಳನ್ನು ಕಳಿಸಿ, ಭಾಯಿ, ಲಿಫ್ಟ್ ಎಲ್ಲಿ ಹಾಕ್ತೀರಿ ಎಂದು ಕೇಳುತ್ತಿದ್ದ.

ಆದರೆ ಈ ಗಲಾಟೆಯ ನಡುವೆ ಒಂದು ವಿಚಿತ್ರ ನಡೆದಿತ್ತು. ಕಾಸಿಮನಿಗೆ ಆ ಕ್ಯಾಬಿನ್ ಮೇಲೆ ಪ್ರೀತಿ ಹುಟ್ಟಿತ್ತು. ಮಾಡನ್ನು ಕಡಿದಾಗಿ ಎತ್ತಿದ, ಹಿಮ ನಿಲ್ಲದೆ ಜಾರಿ ಬೀಳಲಿ ಎಂದು. ಕ್ಯಾಬಿನ್ನನ್ನು ನೆಲದಿಂದ ಮೇಲೆ ಕಾಲುಗಳ ಮೇಲೆ ನಿಲ್ಲಿಸಿದ. ಕಟ್ಟಿಗೆ ಉರಿಸುವ ಒಂದು ಕಬ್ಬಿಣದ ಒಲೆ, ಅದರ ಹೊಗೆಕೊಳವೆ ಮಾಡು ದಾಟಿ ಮೇಲೆ. ಸುತ್ತ ಗೋಡೆಗೆ ಸೇರಿ ಬೆಂಚು, ಮಲಗುವಾಗ ಅದೇ ಮಂಚ. ಕಿಟಕಿ ಬಿಸಿಲು ಬರುವ ದಿಕ್ಕಿಗೆ ಒಂದೇ, ಎರಡು ಪದರದ ಗಾಜು, ಗಾಳಿ ನುಸುಳದಂತೆ ಬಿಗಿದದ್ದು. ಬಾಗಿಲು ಒಳಕ್ಕೆ ತೆರೆಯುವಂಥದು. ಹೊರಕ್ಕೆ ತೆರೆಯುವಂತಿದ್ದರೆ ಬಿದ್ದ ಹಿಮ ಅದಕ್ಕೆ ಒತ್ತಿ ನಿಂತು ಒಳಗಿದ್ದವರು ಒಳಗೇ ಆಗುತ್ತಾರೆ ಎಂದು ನಾರ್ವೆಯ ಮುದುಕನಿಂದ ಕಲಿತಿದ್ದ. ಏಸಿಗೆ ತೂತು ಬಿಡಲಿಲ್ಲ. ಯಾರ್ಡಿನ ಕೆಲಸಗಾರರು ಡ್ರಾಯಿಂಗ್ ಹಿಡಿದುಕೊಂಡು ಬಂದು ತೂತು ಮರೆತಿದ್ದೀರಿ ಎಂದು ನೆನಪು ಮಾಡಿದಾಗ ಅವನಿಗೆ ಎಂದೂ ಆಗದಷ್ಟು ಹೆಮ್ಮೆಯಾಯಿತು.

ದೊಡ್ಡದು ಮಾಡಲು ಮಾತ್ರ ಅವನು ಒಪ್ಪಲಿಲ್ಲ. ಸಣ್ಣದಾದರೆ ಮಾತ್ರ ಬೆಚ್ಚಗೆ, ಮಜ್ಲಿಸ್‌ಗೆ ಪಕ್ಕದಲ್ಲಿ ಡೇರೆ ಹಾಕಿಕೊಳ್ಳಿ ಎಂದು ಅಬು ರಾಕಾನ್‌ಗೇ ಹೇಳಿಬಿಟ್ಟ. ಹೇಳಿ ಮನೆಗೆ ಬಂದು ನುಸೈಬಾಳ ಹತ್ತಿರ, ಸಾಮಾನು ಕಟ್ಟುವುದು ಹೇಗೆಂದು ಈಗಲೇ ಯೋಚಿಸಿಡು ಎಂದ. ಆದರೆ ಅಬು ರಾಕಾನ್ ಒಪ್ಪಿದರು. ಒಂದೇ ಷರತ್ತು: ತಬೂಕಿಗೆ ಹೋಗುವ ಮೊದಲು ಅದು ನಿಜವಾಗಿ ಬೆಚ್ಚಗಾಗುತ್ತದೆಯೋ ಎಂದು ತಾವು ಕೂತು ನೋಡಬೇಕು.

ಇದು ಆಗಸ್ಟ್ ತಿಂಗಳು, ಹೊರಗೇ ಒಲೆಯಂತಿದೆ, ಚಳಿಯ ಮನೆಯನ್ನು ಈಗ ಪರೀಕ್ಷಿಸುವುದು ಹೇಗೆ ಎಂದು ಕಾಸಿಂ ಬಿಡಿಸಿ ಹೇಳಿದ. ಅಬು ಫಹದ್ ಶಾಂತವಾಗಿ ಕೇಳಿಸಿಕೊಂಡರು. ಒಲೆ ಹಚ್ಚು, ಬೆಚ್ಚಗಾದರೆ ಬೆಚ್ಚಗಾಯಿತು, ಖಲಾಸ್ ಎಂದರು.

ಪರೀಕ್ಷೆಯ ದಿನ ಅಬು ರಾಕಾನ್ ಅಣ್ಣತಮ್ಮಂದಿರು, ಮಾವ, ಭಾವಮೈದುನರ ಸಮೇತ ಯಾರ್ಡಿಗೆ ಬಂದರು. ಅಬ್ದುಲ್ ಅಝೀಝ್ ಸಾಹೇಬರು ತಾವು ಕುದುರಿಸಿದ ವ್ಯವಹಾರ ಎಂದು ಬಂದರು. ಇಮ್ತಿಯಾಜ್ ದಹ್ರಾನ್‌ನಿಂದ ಕಾರು ಹೊಡೆದುಕೊಂಡು ಬಂದ, ಅದೂ ಕೆಂಪು ಜಾಕೆಟ್ ತೊಟ್ಟುಕೊಂಡು. ಕ್ಯಾಬಿನ್ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಬೇಕಂತೆ. ಬರೀ ಅಂಗಿಯಲ್ಲಿ ನಿಂತರೆ ನಂಬುವವರಾರು. ಎಲ್ಲರೂ ಒಳಗೆ ಹೋದರು. ಬೆಂಚಿನ ಮೇಲೆ, ನೆಲದ ಮೇಲೆ, ಒಬ್ಬರ ಮೊಣಕಾಲು ಇನ್ನೊಬ್ಬರ ಪಕ್ಕೆಗೆ ತಾಗುವಂತೆ ಕೂತರು. ಕಾಫಿಯ ಹೂಜಿ, ಖರ್ಜೂರದ ತಟ್ಟೆ ಬಂತು. ಬಾಗಿಲು ಮುಚ್ಚಿ ಕಾಸಿಂ ಒಲೆ ಹಚ್ಚಿದ.

ಒಲೆ ಚೆನ್ನಾಗಿ ಹತ್ತಿಕೊಂಡಿತು. ಹೊಗೆ ಒಂದಿಷ್ಟೂ ಒಳಗೆ ಬರಲಿಲ್ಲ. ಗೋಡೆಗಳು ಒಂದು ತೊಟ್ಟು ಶಾಖವನ್ನೂ ಹೊರಗೆ ಬಿಡಲಿಲ್ಲ. ತಾನು ಬಿಡಿಸಿದ್ದೆಲ್ಲ ಬಿಡಿಸಿದ ಹಾಗೆಯೇ ಕೆಲಸ ಮಾಡುವುದನ್ನು ಕಾಸಿಂ ಹೆದರಿಕೆಯಿಂದ ನೋಡುತ್ತಾ ನಿಂತ. ಅಬು ರಾಕಾನ್ ಮಾಶಾಅಲ್ಲಾ ಎಂದರು. ಅವರೇ ಹೊಗಳಿದಮೇಲೆ ಸೆಕೆ ಎನ್ನುವುದು ಮರ್ಯಾದೆಯಲ್ಲ; ಉಳಿದವರೂ ಮಾಶಾಅಲ್ಲಾ ಎಂದರು. ಮಾವನವರು ತಲೆವಸ್ತ್ರ ತೆಗೆದು ಹಿಂಡಿದರು. ಇಮ್ತಿಯಾಜ್ ಮುಖ ಜಾಕೆಟ್ಟಿನ ಬಣ್ಣಕ್ಕೆ ತಿರುಗಿತ್ತು, ಆದರೂ ಅವನು ಜಾರ್ಜಿಯಾದಲ್ಲೂ ಹೀಗೆಯೇ ಇರ್ತದೆ ಎಂದ. ಕೊನೆಗೆ ಅಬ್ದುಲ್ ಅಝೀಝ್ ಸಾಹೇಬರು ಯಾರಿಗೂ ಹೇಳದೆ ಬಗ್ಗಿ, ಒಲೆಯ ಬಾಯಿ ತೆರೆದು, ಹೂಜಿಯಲ್ಲಿದ್ದ ಕಾಫಿಯನ್ನೆಲ್ಲ ಬೆಂಕಿಗೆ ಸುರಿದರು. ಬುಸ್ಸೆಂದು ಹಬೆ ಎದ್ದಿತು. ಏಲಕ್ಕಿಯ ಪರಿಮಳದ ಆ ಹಬೆಯಲ್ಲಿ ಯಾರಿಗೂ ಯಾರೂ ಕಾಣದಾದರು.

ಆಗ ಎಲ್ಲರೂ ಒಟ್ಟಿಗೆ ಬಾಗಿಲಿಗೆ ನುಗ್ಗಿದರು. ಬಾಗಿಲು ಒಳಕ್ಕೆ ತೆರೆಯಬೇಕು, ನುಗ್ಗಿದವರು ಹೊರಕ್ಕೆ ತಳ್ಳುತ್ತಿದ್ದರು. ಹಿಂದಿನವರು ಮುಂದಿನವರನ್ನು ಒತ್ತಿದಷ್ಟೂ ಅದು ಬಿಗಿಯಾಯಿತು. ಬೀಗ ಹಾಕಿದ್ದಾರೆ ಎಂದು ಯಾರೋ ಕೂಗಿದರು. ಬಾಗಿಲಿಗೆ ಸಪಾಟಾಗಿ ಅಂಟಿಹೋದವನು ಇಮ್ತಿಯಾಜ್; ಊದಿದ ಜಾಕೆಟ್ಟಿನಿಂದಾಗಿ ಅವನೊಬ್ಬನೇ ಇಬ್ಬರ ಜಾಗ ಹಿಡಿದಿದ್ದ.

ಕಾಸಿಮನಿಗೆ ಎಲ್ಲಿಂದ ಧೈರ್ಯ ಬಂತೋ. ಅವನು ಒಲೆಯ ಪಕ್ಕದ ಬೆಂಚಿನ ಮೇಲೆ ಹತ್ತಿ ನಿಂತು, ಜೀವಮಾನದಲ್ಲಿ ಮೊದಲ ಸಲ ಒಬ್ಬ ಯಜಮಾನನಿಗೆ ಆಜ್ಞೆ ಮಾಡಿದ.

"ಯಲ್ಲಾ, ಬೇಗ ಬೇಗ, ಎಲ್ಲರೂ ಹಿಂದೆ. ಅಬು ಫಹದ್, ನೀವೂ ಹಿಂದೆ ಹೋಗಿ. ಇಮ್ತಿಯಾಜ್, ನೀನು ಮೊದಲು ಆ ಜಾಕೆಟ್ ಬಿಚ್ಚು ಮಾರಾಯ."

ಜಾಕೆಟ್ ಬಿಚ್ಚಲು ಕೈಯೆತ್ತಬೇಕು, ಕೈಯೆತ್ತಲು ಜಾಗವಿಲ್ಲ. ಅಬು ರಾಕಾನ್‌ರ ಇಬ್ಬರು ತಮ್ಮಂದಿರು ಒಂದೊಂದು ತೋಳು ಹಿಡಿದು ಎಳೆದರು. ಜಾಕೆಟ್ ಒಂದು ಕಡೆ, ಇಮ್ತಿಯಾಜ್ ಒಂದು ಕಡೆ ಆದಮೇಲೆ ಬಾಗಿಲು ಒಬ್ಬ ಮನುಷ್ಯ ಅಡ್ಡವಾಗಿ ನುಸುಳುವಷ್ಟು ತೆರೆಯಿತು. ಮಾವನವರಿಂದ ಶುರುವಾಗಿ ಒಬ್ಬೊಬ್ಬರೇ ಹೊರಬಿದ್ದರು. ಎಲ್ಲರ ಹಿಂದೆ ಹೊರಬಂದ ಕಾಸಿಂ, ಕ್ಯಾಬಿನ್ ಹೋಯಿತು, ಇಕಾಮಾ ಹೋಯಿತು, ಊರಿಗೆ ಹೋದರೆ ರಿಝ್ವಾನನ ಐಸ್ ಪ್ಲಾಂಟೇ ಗತಿ ಎಂದುಕೊಳ್ಳುತ್ತಾ ಬಿಸಿಲಲ್ಲಿ ನಿಂತ.

ಹೊರಗೆ ಆಗಸ್ಟಿನ ಮರಳುಗಾಳಿ ಬೀಸುತ್ತಿತ್ತು. ಬೇರೆ ದಿನವಾಗಿದ್ದರೆ ಆ ಗಾಳಿಗೆ ನಾಯಿಯೂ ಮುಖ ಒಡ್ಡುತ್ತಿರಲಿಲ್ಲ. ನೆನೆದು ತೊಪ್ಪೆಯಾಗಿದ್ದ ಅಬು ರಾಕಾನ್ ಆ ಗಾಳಿಗೆ ಎದುರಾಗಿ ನಿಂತರು. ಒಮ್ಮೆ ನಡುಗಿದರು. ತಮ್ಮಂದಿರ ಕಡೆ ತಿರುಗಿ, ಬರ್ದ್, ವಲ್ಲಾಹಿ ಬರ್ದ್ ಎಂದರು. ಚಳಿ, ದೇವರಾಣೆ ಚಳಿ ಎಂದು. ತಮ್ಮಂದಿರೂ ಕೈ ಉಜ್ಜಿಕೊಂಡರು. ಹಫ್ರ್ ಅಲ್ ಬಾತಿನ್‌ನಲ್ಲಿ ಆಗಸ್ಟ್ ತಿಂಗಳ ನಡುಮಧ್ಯಾಹ್ನ ಚಳಿ ಹುಟ್ಟಿಸಿದ ಕ್ಯಾಬಿನ್ನು ಗುಡ್ಡದ ಮೇಲೆ ಏನು ಮಾಡೀತು ಎಂಬ ವಿಷಯದಲ್ಲಿ ಅವರಿಗೆ ಅನುಮಾನವೇ ಉಳಿಯಲಿಲ್ಲ. ಅಲ್ಲಿಯೇ ವ್ಯವಹಾರ ಮುಗಿಯಿತು. ಅಬು ಫಹದ್ ಇಕಾಮಾ ರಿನ್ಯೂ ಮಾಡಿಸಿದರು. ವಾರದೊಳಗೆ ದಹ್ರಾನ್‌ನಿಂದ ಅಬ್ಕೈಕ್‌ವರೆಗೆ ಊರವರೆಲ್ಲರಿಗೂ ಇನ್ನೊಂದು ಸುದ್ದಿ ಮುಟ್ಟಿತು: ಕಾಸಿಂ ಭಾಯಿಯ ಸ್ಕೀ ಕ್ಯಾಬಿನ್‌ಗೆ ಟೆಕ್ನಿಕಲ್ ಸಲಹೆ ಕೊಟ್ಟದ್ದು ಇಮ್ತಿಯಾಜ್. ನುಸೈಬಾ ಇದನ್ನು ಕೇಳಿ ತಂಗಿಗೆ ಫೋನ್ ಮಾಡಿ ಏನು ಹೇಳಿದಳೋ, ಮುಂದಿನ ಸಲ ಹೋದಾಗ ಗೋಡೆಯ ಫೋಟೊಗಳು ಅರ್ಧಕ್ಕರ್ಧ ಕಡಿಮೆಯಾಗಿದ್ದವು.

ಜನವರಿಯಲ್ಲಿ ಕ್ಯಾಬಿನ್ ಟ್ರೇಲರ್ ಹತ್ತಿ ತಬೂಕಿಗೆ ಹೋಯಿತು, ಅದರ ಹಿಂದೆ ಕಾಸಿಮನೂ ಹೋದ. ಗುಡ್ಡದ ಮೇಲೆ ಅದನ್ನು ನಿಲ್ಲಿಸಿ, ಒಲೆ ಕೂರಿಸಿ, ಬೋಲ್ಟ್ ಬಿಗಿದದ್ದಾಯಿತು. ಅಬು ರಾಕಾನ್ ಬಂಧುಬಳಗದೊಂದಿಗೆ ಬಂದಿಳಿದರು. ಸ್ಕೀ ಮಾತ್ರ ಯಾರೂ ತಂದಿರಲಿಲ್ಲ. ಎಲ್ಲರೂ ಕುರಿ ತಂದಿದ್ದರು. ಆಕಾಶ ಶುಭ್ರವಾಗಿತ್ತು, ಹಿಮ ಯಾವಾಗ ಬೀಳುತ್ತದೆ ಎಂದು ಎಲ್ಲರೂ ಕಾಸಿಮನನ್ನೇ ಕೇಳತೊಡಗಿದರು, ಅದೂ ಆರ್ಡರಿನಲ್ಲಿ ಸೇರಿದೆ ಎನ್ನುವ ಹಾಗೆ. ನಾಳೆ ಬೀಳ್ತದೆ, ನಾಳೆ ಬೀಳ್ತದೆ ಎಂದು ಅವನಿಗೆ ಹೇಳಿ ಹೇಳಿ ಸಾಕಾಯಿತು.

ಒಂದು ಬೆಳಿಗ್ಗೆ ಎದ್ದು ನೋಡಿದರೆ ಬಿದ್ದಿತ್ತು. ಗುಡ್ಡ, ದಾರಿ, ಡೇರೆ, ಟ್ರೇಲರ್ ಎಲ್ಲ ಒಂದೇ ಬಿಳುಪು. ಅಬು ರಾಕಾನ್ ಕ್ಯಾಬಿನ್ ಒಳಗೆ ಒಲೆಯ ಪಕ್ಕ ಕಾಲು ಚಾಚಿ ಕೂತಿದ್ದರು. ಹೊರಗೆ ಬನ್ನಿ ಎಂದರೆ, ಕಿಟಕಿಯಲ್ಲೇ ಚೆನ್ನಾಗಿ ಕಾಣುತ್ತದೆ, ನೀನು ಬಾಗಿಲು ಮುಚ್ಚು ಎಂದರು. ಕಾಸಿಂ ಬಾಗಿಲು ಮುಚ್ಚಿ ಹೊರಗೆ ನಿಂತ. ಬಗ್ಗಿ ಒಂದು ಮುಷ್ಟಿ ಎತ್ತಿಕೊಂಡ. ಅದು ಫ್ರೀಜರಿನ ಐಸಿನಂತೆ ಇರಲೇ ಇಲ್ಲ, ಹಗುರವಾಗಿ ಪುಡಿಪುಡಿಯಾಗಿತ್ತು. ಅವನಿಗೆ ಯಾಕೋ ಕಣ್ಣು ತುಂಬಿ ಬಂತು. ಇದನ್ನು ತಾಯಿಗೆ ತೋರಿಸಬೇಕೆನಿಸಿ ವಿಡಿಯೊ ಕಾಲ್ ಮಾಡಿದ. ಮೈಮೂನಮ್ಮ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದುಕೊಂಡು ಕಾಣಿಸಿಕೊಂಡರು. ಕಾಸಿಂ ಫೋನನ್ನು ಗುಡ್ಡದ ಕಡೆ ತಿರುಗಿಸಿ, ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ತೋರಿಸಿದ.

ಆ ಕಡೆಯಿಂದ ಮೂಗು ಒರೆಸಿದಂಥ ಸದ್ದು ಬಂತು. ತಾಯಿಯ ಮನಸ್ಸು ತುಂಬಿ ಬಂದಿದೆ ಎಂದು ಕಾಸಿಂ ತಿಳಿದ.

"ಮೋನೇ, ಎಂತದೂ ಕಾಣುದಿಲ್ಲ" ಎಂದರು ಮೈಮೂನಮ್ಮ. "ಎಲ್ಲ ಬಿಳಿ ಬಿಳಿ. ಈ ಫೋನು ಹಾಳಾಯ್ತು, ಕಾಣ್ತದೆ."

ಅದೇ ಹಿಮ ಉಮ್ಮ, ಸರಿಯಾಗಿ ನೋಡಿ ಎಂದು ಅವನು ಮತ್ತೊಮ್ಮೆ ತೋರಿಸಿದ. ಅವರು ಫೋನನ್ನು ಅಂಗೈಗೆ ತಟ್ಟಿ ನೋಡಿದರು, ಸೆರಗಿನಿಂದ ಒರೆಸಿದರು, ಪಕ್ಕದ ಮನೆಯವರನ್ನು ಕರೆದು ತೋರಿಸಿದರು. ಅವರಿಗೂ ಕಾಣಲಿಲ್ಲ. ಕಾಸಿಂ ಸೋತು ಫೋನನ್ನು ತನ್ನ ಮುಖದ ಕಡೆ ತಿರುಗಿಸಿದ.

"ಹಾಂ, ಈಗ ಸರಿಯಾಯ್ತು, ನೀನು ಕಾಣ್ತೀಯ" ಎಂದರು ತಾಯಿ. ಅವನನ್ನು ಹತ್ತಿರದಿಂದ ಕಣ್ಣು ಕಿರಿದು ಮಾಡಿ ನೋಡಿದರು. "ಎಂತ ಮೋನೇ, ಇಷ್ಟು ಕಪ್ಪಾಗಿದ್ದೀಯ? ಅಲ್ಲಿ ಬಿಸಿಲು ಬಹಳ ಜೋರುಂಟಾ?"